ತಿರುಗಿಸಿದ ತ್ರಿಭುಜ

ತಿಳಿಯದ್ದನ್ನು ತಿಳಿಯದು ಎಂದು ಯಾರ ಎದುರು ಬೇಕಾದರೂ ಹೇಳಿಬಿಡಬಹುದು, ಮದುವೆಯಾದ ಹೊಸತರಲ್ಲಿ ಹೆಂಡತಿಯ ಎದುರು ಮಾತ್ರ ಆಗುವುದಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಐವತ್ತರ ದಶಕದ ಕೊನೆಯ ಕಡಬದಲ್ಲಿ ಅದು ಸಣ್ಣ ಸಂಗತಿಯಲ್ಲ; ಅದರಿಂದಲೇ ಮರದ ಡಿಪೋದಲ್ಲಿ ಗುಮಾಸ್ತಿಕೆ ಸಿಕ್ಕಿತ್ತು, ಹೆಣ್ಣೂ ಸಿಕ್ಕಿತ್ತು. ಆದರೆ ರೇಖಾಗಣಿತವನ್ನು ನಾನು ದಾಟಿದ್ದು ಪ್ರಮೇಯಗಳನ್ನು ಭಜನೆಯ ಹಾಗೆ ಬಾಯಿಪಾಠ ಮಾಡಿ. ಅ ಬ ಕ ಎಂಬ ತ್ರಿಭುಜ ತಳದ ಮೇಲೆ ನೆಟ್ಟಗೆ ಕೂತಿದ್ದರೆ ಮಾತ್ರ ನನಗೆ ಅದರ ಗುರುತು ಹತ್ತುತ್ತಿತ್ತು. ಈ ಗುಟ್ಟು ನನ್ನ ಹೆಂಡತಿ ಕಮಲಳಿಗೆ ಗೊತ್ತಿರಲಿಲ್ಲ.

ಅವಳದ್ದು ಮದುವೆಗಾಗಿ ಅರ್ಧಕ್ಕೆ ನಿಂತ ಓದು. ಖಾಸಗಿಯಾಗಿ ಪರೀಕ್ಷೆಗೆ ಕೂತು, ಪಾಸಾಗಿ, ಟೀಚರ್ ಟ್ರೈನಿಂಗಿಗೆ ಸೇರಬೇಕೆಂಬುದೊಂದೇ ಆಸೆ. "ಕಲಿಸುವವರು ಮನೆಯಲ್ಲೇ ಇರುವಾಗ ಎಂತ ಹೆದರಿಕೆ" ಎಂದಳು. ನಾನು ಹಿಗ್ಗಿದೆ, ಸಮರೂಪ ತ್ರಿಭುಜಗಳ ಪಾಠ ಬರುವವರೆಗೆ. "ಇದರಲ್ಲಿ ಯಾವುದಕ್ಕೆ ಯಾವುದು ಅನುರೂಪ ಕೋನ?" ಎಂದು ಕೇಳಿದಳು. "ಎಡದ್ದಕ್ಕೆ ಎಡದ್ದು, ಬಲದ್ದಕ್ಕೆ ಬಲದ್ದು. ಅದರಲ್ಲಿ ಎಂತ ಉಂಟು?" ಎಂದೆ. ಅವಳು ಸ್ಲೇಟಿನಲ್ಲಿ ಸಣ್ಣ ತ್ರಿಭುಜವನ್ನು ತಲೆಕೆಳಗಾಗಿ ಬರೆದು, "ಹೀಗೆ ತಿರುಗಿಸಿದರೆ?" ಎಂದಳು. ನಾನು ಎದ್ದೆ, ನೀರು ಕುಡಿದೆ, ದನವೇನಾದರೂ ಹಗ್ಗ ಬಿಚ್ಚಿಕೊಂಡಿದೆಯೇ ಎಂದು ಅಂಗಳಕ್ಕೆ ಹೋಗಿ ನೋಡಿದೆ. ನಮಗೆ ದನ ಇರಲಿಲ್ಲ. ಒಳಗೆ ಬಂದು, "ಪರೀಕ್ಷೆಯಲ್ಲಿ ತಿರುಗಿಸುದಿಲ್ಲ" ಎಂದುಬಿಟ್ಟೆ. ಅವಳು ನಂಬಿ ಪುಟ ಮಗುಚಿದಳು.

ಪರೀಕ್ಷೆಯ ದಿನ ಪುತ್ತೂರಿನಲ್ಲಿ ಶಾಲೆಯ ಗೇಟಿನ ಹೊರಗೆ ನಿಂತೆ, ಕೂತೆ, ಮತ್ತೆ ನಿಂತೆ. ಎದುರು ಹೋಟೆಲಿನವನು, "ಪರೀಕ್ಷೆ ನಿಮಗಾ ಮಾರಾಯ್ರೆ?" ಎಂದು ಕೇಳಿದ. ಕಮಲ ಹೊರಗೆ ಬಂದವಳು ಒಂದೇ ಮಾತು ಹೇಳಿದಳು: "ತಿರುಗಿಸಿದ್ದರು." ಕಡಬ ಬರುವವರೆಗೂ ಬಸ್ಸಿನ ಕಿಟಕಿಯ ಕಡೆಗೇ ಮುಖ. ಗಣಿತದಲ್ಲಿ ಫೇಲಾದಳು. ಕೇಳಿದವರಿಗೆಲ್ಲ ನಾನು, "ಹೆದರಿಬಿಟ್ಟಳು ಪಾಪ" ಎಂದೆ. ಅವಳು ಪಕ್ಕದಲ್ಲೇ ನಿಂತಿದ್ದು, ಅಲ್ಲ ಎನ್ನಲಿಲ್ಲ. ತಪ್ಪು ಕಲಿಸಿದ್ದಕ್ಕಿಂತ ಆ ಮಾತೇ ನನ್ನನ್ನು ಈ ವಯಸ್ಸಿನಲ್ಲೂ ಕುಟುಕುತ್ತದೆ.

ಮರುವರ್ಷ ಅವಳು ನನ್ನನ್ನು ಏನೂ ಕೇಳಲಿಲ್ಲ. ಅನ್ನ ಬೇಯುವಷ್ಟು ಹೊತ್ತು ಸ್ಲೇಟು ಹಿಡಿದು ತಾನೇ ಕಲಿತಳು. ಪಾಸಾದಳು, ಟ್ರೈನಿಂಗಿಗೆ ಸೀಟೂ ಸಿಕ್ಕಿತು. ಊರವರು ವಿಚಾರಿಸಿದಾಗ, "ಇವರೇ ಕಲಿಸಿದ್ದು" ಎಂದಳು. ಅದು ಔದಾರ್ಯವೋ ಶಿಕ್ಷೆಯೋ ನನಗೆ ತಿಳಿಯದು, ಏಕೆಂದರೆ ಮರುವಾರವೇ ಕೋಡಿಂಬಾಳದಿಂದ ಇಬ್ಬರು ಹೆಣ್ಣುಮಕ್ಕಳು ನನ್ನ ಬಳಿ ರೇಖಾಗಣಿತ ಕಲಿಯಲು ಬಂದರು. ನಾನು ತಲೆನೋವೆಂದು ಒಳಗೆ ಹೋಗಿ ಚಾಪೆ ಹಿಡಿದೆ. ಜಗಲಿಯಲ್ಲಿ ಕಮಲ ಶುರುಮಾಡಿದಳು: "ಎಡ, ಬಲ ನೋಡುದು ಬೇಡ. ಇದರ ಯಾವ ಕೋನಕ್ಕೆ ಅದರ ಯಾವ ಕೋನ ಸಮ ಉಂಟು, ಅದನ್ನು ಹುಡುಕಿ. ಆ ಕೋನಗಳ ಎದುರಿಗೆ ಇರುವ ಬಾಹುಗಳೇ ಜೋಡಿ. ಚಿತ್ರ ಮಲಗಿದ್ದರೂ ಅಷ್ಟೆ, ತಲೆಕೆಳಗಾದರೂ ಅಷ್ಟೆ."

ಗೋಡೆಯ ಈಚೆ ಮಲಗಿದ್ದ ನನಗೆ ಆ ಪಾಠ ಜನ್ಮದಲ್ಲಿ ಮೊದಲ ಸಲ ಅರ್ಥವಾಯಿತು. ಹೊರಗೆ ಹೋಗಿ ಆ ಹುಡುಗಿಯರ ಎದುರೇ ಅವಳಿಗೆ ಹಾಗೆಂದು ಹೇಳಬೇಕೆನಿಸಿ ಎದ್ದೂ ಕೂತೆ. ಆದರೆ ತಲೆನೋವಿನವನು ಅಷ್ಟು ಬೇಗ ಗುಣವಾಗಿ ಬರುವುದು ಹೇಗೆ? ಮತ್ತೆ ಮಲಗಿ, ಜಗಲಿಗೆ ಕೇಳುವಷ್ಟು ಜೋರಾಗಿ ನರಳಿದೆ.