ಬಟ್ಟೆ ಬಲ್ಲವನ ಹೆಂಡತಿಯ ಓಟ

ಇಪ್ಪತ್ತು ವರ್ಷದಿಂದ ಇಚಲಕರಂಜಿಯಲ್ಲಿ ಮಗ್ಗ ನಡೆಸುತ್ತಿದ್ದೇನೆ. ಬಟ್ಟೆಯ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ ಎಂದೇ ತಿಳಿದಿದ್ದೆ.

ನನ್ನ ಹೆಂಡತಿ ಸುರೇಖಾ ದಿನಾ ನಸುಕಿನಲ್ಲಿ ಹಳೆಯ ಚೂಡಿದಾರ ತೊಟ್ಟು ಓಡುತ್ತಿದ್ದಳು. ಓಣಿಯವರು ನಕ್ಕರು. ನನ್ನ ಅವ್ವ ಎಂಟು ದಿನ ಮಾತು ಬಿಟ್ಟು, ಆಮೇಲೆ ಒಂದು ಕರಾರು ಹಾಕಿದಳು.

"ಗಡಹಿಂಗ್ಲಜದಾಗ ಹತ್ತು ಕಿಲೋಮೀಟರ್ ಓಟ ಐತಂತಲ್ಲ, ಅದನ್ನ ಪೂರಾ ಓಡು. ನಡುವ ಕುಂತಿ ಅಂದ್ರ ಇನ್ನ ಓಡೂ ಮಾತ ಬ್ಯಾಡ."

ಮಗ್ಗದವನ ಹೆಂಡತಿ ಹಳೆಯ ಬಟ್ಟೆಯಲ್ಲಿ ಓಡುವುದೇ? ನಾನೇ ನೇಯ್ದ ಬಟ್ಟೆಯಲ್ಲಿ ಒಂದು ಪ್ಯಾಂಟು ಹೊಲಿಸಿದೆ. ನೂಲಿಗೆ ಹಾಕಿದ ಗಂಜಿ ಅದರಲ್ಲಿ ಹಾಗೇ ಇತ್ತು.

"ಒಮ್ಮೆ ತೊಳಿತೀನ್ರಿ," ಎಂದಳು.

"ಹೊಸಾ ಅರಿವಿ ಯಾರರ ತೊಳದು ತೊಡ್ತಾರೇನ?" ಎಂದು ಪ್ಯಾಂಟಿನ ಮೂಲೆಗೆ ಕುಂಕುಮ ಹಚ್ಚಿ ಕೊಟ್ಟೆ.

ಓಟದ ದಿನ ನಾನೂ ಅವ್ವನೂ ಮೂರನೇ ಕಿಲೋಮೀಟರಿನಲ್ಲಿ ನೀರಿನ ಕೊಡ ಇಟ್ಟುಕೊಂಡು ನಿಂತಿದ್ದೆವು. ಸುರೇಖಾ ಬರುವ ಮೊದಲೇ ಪ್ಯಾಂಟಿನ ಸದ್ದು ಬಂತು.

"ತಿಕ್ಕಿ ತಿಕ್ಕಿ ತೊಡಿ ಕಿತ್ತಾವ್ರಿ," ಎಂದಳು.

"ಒದ್ದಿ ಮಾಡಿದ್ರ ಮೆತ್ತಗಾಗ್ತೈತಿ," ಎಂದು ತಜ್ಞನು ಇಡೀ ಕೊಡವನ್ನು ಅವಳ ಕಾಲಿಗೆ ಸುರಿದನು. ತಜ್ಞನೆಂದರೆ ನಾನು.

ಗಂಜಿ ಅಂಟಾಯಿತು. ಅವಳು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬಟ್ಟೆ ಬಿಗಿದು ಮೊಣಕಾಲು ಮಡಚದಂತಾಯಿತು. ಮಗ್ಗದ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆಂಬುದು ಇಪ್ಪತ್ತು ವರ್ಷದ ಅನುಭವಸ್ಥನಿಗೆ ಆಗ ನೆನಪಾಯಿತು!

ಸುರೇಖಾ ರಸ್ತೆ ಬದಿಗೆ ಕುಸಿದು ಕುಳಿತಳು. "ದಿನದಾಗ ನನ್ನದಂತ ಇರೂದು ಓಡೂ ಅದೊಂದ ತಾಸ್ರಿ," ಎಂದು ಅತ್ತಳು. ನನಗೆ ಅವ್ವನ ಮುಖ ನೋಡಲು ಧೈರ್ಯವಾಗಲಿಲ್ಲ.

ಅವ್ವ ಪರವೂರಿಗೆ ಇರಲಿ ಎಂದು ತಂದಿದ್ದ ತನ್ನ ಇನ್ನೊಂದು ಸೀರೆಯನ್ನು ಚೀಲದಿಂದ ಎಳೆದಳು. ಸೊಸೆಯನ್ನು ಎಬ್ಬಿಸಿ, ಹತ್ತಿರದ ಮನೆಯವರನ್ನು ಕೇಳಿ ಒಳಗೆ ಕರೆದೊಯ್ದಳು. ಹೊರಬಂದಾಗ ಸುರೇಖಾ ಪ್ಯಾಂಟು ಬಿಚ್ಚಿ, ಆ ಸೀರೆಯನ್ನು ಬಿಗಿಯಾಗಿ ಕಚ್ಚೆ ಹಾಕಿ ಉಟ್ಟಿದ್ದಳು.

"ಹಿಂಗ ಕಟಗೊಂಡ ನಾ ಮೂವತ್ತ ವರ್ಷ ಕಬ್ಬ ಕಡದೇನಿ. ಬಿಚ್ಚೂದಿಲ್ಲ, ಓಡು," ಎಂದಳು ಅವ್ವ.

ನಾನು ಸುಮ್ಮನಿರಬೇಕಿತ್ತು. "ಅವ್ವಾ, ಆಕಿ ನಡುವ ಕುಂತಾಳಲ್ಲ, ನಿನ್ನ ಕರಾರು?" ಎಂದು ಕೇಳಿಬಿಟ್ಟೆ.

"ಆಕಿ ಎಲ್ಲಿ ಕುಂತಾಳ? ನೀ ಕುಂದರಿಸಿದಿ."

ಎಲ್ಲರೂ ಮುಗಿಸಿದ ಮೇಲೆ ಸುರೇಖಾ ಮುಗಿಸಿದಳು. ಆದರೆ ಪೂರಾ ಹತ್ತು ಕಿಲೋಮೀಟರ್ ಓಡಿದಳು. ಅವ್ವ ಸೆರಗಿನಿಂದ ಅವಳ ಬೆವರು ಒರೆಸಿ, "ನಾಳೆ ಅಂಗಡ್ಯಾಗ ಒಂದ ಚಲೋ ಪ್ಯಾಂಟ ತರೂಣು. ಇವನ್ನ ಮಾತ್ರ ಕರಕೊಂಡ ಹೋಗೂದ ಬ್ಯಾಡ," ಎಂದಳು.

ಅತ್ತೆ ಸೊಸೆ ಮಾತಾಡುತ್ತ ಬಸ್‌ಸ್ಟ್ಯಾಂಡಿನ ಕಡೆ ಹೊರಟೇಬಿಟ್ಟರು. ಅವರನ್ನು ಹಿಡಿಯಲು ನಾನು ಓಡಬೇಕಾಯಿತು. ನೂರು ಹೆಜ್ಜೆಗೇ ಏದುಸಿರು ಬಂತು!