ಗಿಣ್ಣಿನ ವೈರಿ ನಮ್ಮ ಕಾಕಾ

ರಾಜ್ಯಕ್ಕಾಗಿ ಯುದ್ಧ ಮಾಡಿದವರಿದ್ದಾರೆ, ಗಡಿಗಾಗಿ ಮಾಡಿದವರಿದ್ದಾರೆ. ಒಂದು ಸಿಹಿತಿಂಡಿಯ ಮೇಲೆ ಯುದ್ಧ ಸಾರಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನಮ್ಮ ಕಾಕಾ, ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಆ ಸಿಹಿತಿಂಡಿ ಗಿಣ್ಣು! ಆಕಳು ಈದ ಮೊದಲ ದಿನಗಳ ಹಳದಿ ದಪ್ಪ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ನಮಗೆ ಗಿಣ್ಣು, ಪುಣೆಯ ನೆರೆಯವರಿಗೆ ಖರವಸ. ಅದರ ಹೆಸರೆತ್ತಿದರೆ ನಾವಿದ್ದ ಪುಣೆಯ ವಾಡೆಯಲ್ಲಿ ಒಂದೇ ಅಂಗಳದ ಸುತ್ತಲಿನ ಹದಿನಾಲ್ಕು ಮನೆಗಳ ಬಾಯಲ್ಲೂ ನೀರು. ಕಾಕಾರ ಕಣ್ಣಲ್ಲಿ ಮಾತ್ರ ಕಿಡಿ.

"ಕರದ ಬಾಯಾಗಿಂದು ಕಸಗೊಂಡು ತಿಂತೀರಿ, ಮ್ಯಾಲೆ ಏಲಕ್ಕಿ ಬ್ಯಾರೆ!" ಎನ್ನುತ್ತಿದ್ದರು. ಕರ ಅಂದರೆ ನಮ್ಮ ಕಡೆ ಕರು.

ಇದೆಲ್ಲ ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಕಾಲೇಜಿಗೆ ಹೋಗುತ್ತಿದ್ದಾಗ ದಿನಚರಿ ಬರೆಯುತ್ತಿದ್ದೆ ಎನ್ನುವುದೊಂದೇ ಧೈರ್ಯ. ಅದರಲ್ಲಿ ಇಲ್ಲದ್ದನ್ನು ಇಲ್ಲ ಎಂದೇ ಹೇಳಿಬಿಡುತ್ತೇನೆ.

ಕಾಕಾ ಡಾಕ್ಟರಲ್ಲ. ದನಕರುಗಳ ಕಾಯಿಲೆ ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದಲ್ಲಿ ಗಾಜಿನ ಶೀಶೆ ತೊಳೆಯುವುದು ಅವರ ನೌಕರಿ. ತೊಳೆಯುತ್ತ ತೊಳೆಯುತ್ತ, ಡಾಕ್ಟರುಗಳ ಮಾತಿಗೆ ಕಿವಿಗೊಡುತ್ತ, ಅರ್ಧ ಡಾಕ್ಟರಾಗಿದ್ದರು. ಉಳಿದರ್ಧವನ್ನು ತಾವೇ ಸೇರಿಸಿಕೊಂಡಿದ್ದರು.

ಎಳೆಗರುಗಳು ಭೇದಿಯಾಗಿ ಏಕೆ ಸಾಯುತ್ತವೆ ಎಂಬುದನ್ನು ವಾಡೆಗೆಲ್ಲ ತಿಳಿಸಿಯೇ ತೀರುತ್ತೇನೆಂದು ಅವರು ಹಟ ತೊಟ್ಟರು. ಒಂದು ಭಾನುವಾರ ಎಲ್ಲರನ್ನೂ ಅಂಗಳಕ್ಕೆ ಕರೆದರು. ಕೈಯಲ್ಲಿ ಟರ್ಕಿ ಟವೆಲು. ಅದರ ಒಂದು ಅರ್ಧವನ್ನು ದಾಡಿಯ ಬ್ಲೇಡಿನಿಂದ ಸಣ್ಣ ಎಳೆಗಳೆಲ್ಲ ಉದುರುವಂತೆ ನುಣ್ಣಗೆ ಬೋಳಿಸಿದ್ದರು. ಎರಡೂ ಕಡೆ ಒಂದೊಂದು ಲೋಟ ನೀರು ಸುರಿದರು. ಎಳೆ ಇದ್ದ ಕಡೆ ನೀರು ಇಂಗಿತು. ಬೋಳಾದ ಕಡೆ ಹರಿದು ಹಾಸುಗಲ್ಲಿಗೆ ಇಳಿಯಿತು.

"ಕಂಡ್ರ್ಯಾ? ಕರದ ಕರುಳಿನ ಒಳಗೂ ಹಿಂಗ ಸಣ್ಣ ಸಣ್ಣ ಎಳಿ ಇರ್ತಾವ. ಹಾಲು ಹೀರೂದು ಅವೇ. ವೈರಸ್ ಹೊಕ್ತಂದ್ರ ಆ ಎಳೀ ತುದಿ ಎಲ್ಲಾ ಬೋಳಿಸ್ತದ. ಕುಡಿದದ್ದು ನಿಂದ್ರೂದಿಲ್ಲ. ಮೈಯಾಗಿನ ನೀರನ್ನೂ ಎಳಕೊಂಡು ಹಿಂದಿಂದ ಹೊರಗ! ಕರ ಸಾಯೂದು ವೈರಸ್ಸಿಗಲ್ಲ, ಒಣಗಿ ಸಾಯ್ತದ."

ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಹಿಂದಿನಿಂದ ಕಾಕು, ಅಂದರೆ ಕಾಕಾರ ಧರ್ಮಪತ್ನಿ, ಕೇಳಿದರು:

"ಅದೆಲ್ಲಾ ಖರೇ. ನಮ್ಮಣ್ಣ ಕೊಟ್ಟ ಟವೆಲ್ ಬೋಳಿಸಿದ ವೈರಸ್ ಯಾವುದ್ರಿ?"

ಸಭೆ ಅಲ್ಲಿಗೆ ಮುಗಿಯಿತು.

ಕಾಕಾರಿಗೆ ಸ್ಥಳ, ಸಂದರ್ಭ ಯಾವುದೂ ಅಡ್ಡಿಯಲ್ಲ. ಪುಣೆ ಹತ್ತಿರದ ಭೋರ್ ಎಂಬ ಊರಿನಿಂದ ನಮ್ಮಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಮನೆಯಲ್ಲಿ ಆಕಳುಗಳಿವೆ ಎಂದು ಗಂಡಿನ ಅಪ್ಪ ಬಾಯಿ ತಪ್ಪಿ ಹೇಳಿದರು. ಹೇಳಬಾರದಿತ್ತು. ಅವರ ತಟ್ಟೆಗೆ ಶ್ರೀಖಂಡ ಬೀಳುವ ಹೊತ್ತಿಗೆ ಸರಿಯಾಗಿ ಕಾಕಾ ಮುಂದೆ ಬಾಗಿ ಕೇಳಿದರು:

"ನಿಮ್ಮ ಕರಗಳ ಭೇದಿ ಬಣ್ಣ ಯಾವುದ್ರಿ? ಬೆಳ್ಳಗೋ, ಹಳದಿನೋ? ಈ ಶ್ರೀಖಂಡದ ಹಂಗೋ, ಇದಕ್ಕಿಂತಾ ತೆಳ್ಳಗೋ?"

ನಮ್ಮಪ್ಪ ಕಣ್ಣು ಮುಚ್ಚಿಕೊಂಡರು. ಮದುವೆ ಆಯಿತು, ಗಾಬರಿಯಾಗಬೇಡಿ! ಆದರೆ ಆ ಬೀಗರು ನಮ್ಮ ಮನೆಯಲ್ಲಿ ಮತ್ತೆಂದೂ ಶ್ರೀಖಂಡ ಮುಟ್ಟಲಿಲ್ಲ.

ಇಷ್ಟರವರೆಗೆ ಎಲ್ಲವೂ ನಗೆಯೇ. ಆಮೇಲೆ ಭೀಮವ್ವ ಬಂದಳು.

ಭೀಮವ್ವ ಯಾದಗಿರಿ ಕಡೆಯವಳು. ಗಂಡಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ನಮ್ಮ ವಾಡೆಯ ಹಿಂದೆ ತಗಡಿನ ಜೋಪಡಿ, ಅದರ ಪಕ್ಕದ ಕೊಟ್ಟಿಗೆಯಲ್ಲೊಂದು ಆಕಳು. ಮಾರ್ಕೆಟ್ ಯಾರ್ಡಿನಲ್ಲಿ ಉದುರಿದ ಕೋಸಿನ ಎಲೆ, ಮೂಲಂಗಿ ಸೊಪ್ಪು ಆಯ್ದು ತಂದು ಅದನ್ನು ಸಾಕಿದ್ದಳು. ಎರಡು ಸಲ ಈದಿತ್ತು. ಎರಡು ಕರುಗಳೂ ಹತ್ತು ದಿನದೊಳಗೆ ಭೇದಿಯಾಗಿ ಸತ್ತಿದ್ದವು. ಕರು ಎದುರಿಗೆ ಇಲ್ಲದಿದ್ದರೆ ಆ ಆಕಳು ಹಾಲು ಬಿಡುತ್ತಿರಲಿಲ್ಲ. ಮೂರನೆಯ ಸಲ ಗಬ್ಬವಾಗಿ ದಿನ ತುಂಬಿದ್ದವು.

"ಈ ಸಲಾನೂ ಕರ ಉಳೀಲಿಲ್ಲಂದ್ರ ಆಕಳಾ ಮಾರಿಬಿಡ್ತೀನ್ರಿ ಕಾಕಾ," ಎಂದಳು. "ಆಕಿ ಕರ ಹುಡುಕೂದು ನನ್ನ ಕೈಲೆ ನೋಡಾಕಾಗೂದಿಲ್ಲ."

"ಗಿಣ್ಣ ಕುಡಿಸಿದ್ದೇನು ಕರಕ್ಕ?"

"ಅಯ್ಯ! ಗಿಣ್ಣ ಕುಡಿದ್ರ ಭೇದಿ ಹತ್ತತದ ಅಂತ ನಮ್ಮತ್ತಿ ಹೇಳ್ಯಾಳ್ರಿ. ಹಿಂಡಿ ಎಲ್ಲಾರಿಗೂ ಹಂಚಿದ್ನಿ."

ನಿಜ, ಹಂಚಿದ್ದಳು. ನಮ್ಮ ಮನೆಗೂ ಎರಡು ಸಲ ಬಟ್ಟಲು ಬಂದಿತ್ತು. ನಾನು ತಿಂದಿದ್ದೆ. ದಿನಚರಿಯಲ್ಲಿ "ಭಾಳ ರುಚಿ ಇತ್ತು" ಎಂದು ಬರೆದೂ ಇದ್ದೇನೆ!

ಕಾಕಾ ಅವಳ ಎದುರು ಕುಕ್ಕರುಗಾಲಲ್ಲಿ ಕುಳಿತರು. "ತಂಗಿ, ಕರ ಬರಿಗೈಲೆ ಹುಟ್ಟತದ. ತಾಯಿ ತಾ ಕಂಡ ಜಡ್ಡು ರೋಗಕ್ಕೆಲ್ಲಾ ಕಾವಲುಗಾರರನ್ನ ಗಿಣ್ಣದಾಗ ಇಟ್ಟು ಕಳಸ್ತಾಳ. ಮೊದಲ ತಾಸುಗಳಾಗ ಕುಡೀಬೇಕು. ದಿನಾ ದಾಟಿದ್ರ ಅವರು ಕರುಳಿಂದ ರಕ್ತಕ್ಕ ಹೋಗೂ ಬಾಗಲಾ ಬಂದ್. ಈ ಸಲ ನನ್ನ ಮಾತು ಕೇಳು. ಕರ ಸತ್ರ ನನ್ನ ಬಯ್ಯಿ."

ಆಕಳು ಈದದ್ದು ಸೋಮವಾರ ಬೆಳಿಗ್ಗೆ. ಸುದ್ದಿ ಹಬ್ಬಲು ಎಷ್ಟು ಹೊತ್ತು? ಕಾಕಾ ರಜೆ ಹಾಕಿ ಕೊಟ್ಟಿಗೆಯ ಮುಂದೆ ಕೋಲು ಹಿಡಿದು ನಿಂತರು. ಎದುರಿಗೆ ಲೋಟ, ತಂಬಿಗೆ, ಡಬ್ಬಿಗಳ ಸಾಲು.

"ಅಹೋ ಕಾಕಾ, ಖರವಸ?" ಎಂದು ಪಕ್ಕದ ಮನೆಯ ಆಜಿ ಪಾತ್ರೆ ಚಾಚಿದರು.

"ಮೊದಲ ಪಾಳಿ ಕರದ್ದು, ಆಜಿ! ಹೊಟ್ಟಿ ತುಂಬ ಕುಡೀಲಿ, ಉಳಿದ್ರ ನೋಡೂಣು."

ಸಾಲಿನಲ್ಲಿ ಕಾಕುನೂ ಇದ್ದರು. ಅವರಿಗೂ ಸಿಗಲಿಲ್ಲ. ಎರಡು ದಿನ ಕರು ಕುಡಿದು ಮಿಕ್ಕಿದ್ದು ಒಂದು ಚರಿಗೆ ಮಾತ್ರ. ಅದು ಮೂಲೆಯ ಹೋಟೆಲಿನ ರಾಯರಿಗೆ ಹೋಯಿತು. ರಾಯರು ಕುಂದಾಪುರದ ಕಡೆಯವರು. ಅವರ ಬಸುರಿ ಮಗಳಿಗೆ ಗಿಣ್ಣಿನ ಬಯಕೆ. ಸೀಮಂತದ ದಿನ ಮಾಡೋಣವೆಂದು ಹಾಲನ್ನು ಹೋಟೆಲಿನ ಫ್ರಿಜ್ಜಿನಲ್ಲಿ ಇಟ್ಟರು.

ಭಾನುವಾರ ಮುಂಜಾನೆ ಭೀಮವ್ವ ಓಡಿ ಬಂದಳು. "ಕಾಕಾ, ಕರಕ್ಕ ಭೇದಿ ಹತ್ತ್ಯದ್ರಿ."

ವಾಡೆಗೆ ಇದಕ್ಕಿಂತ ಇನ್ನೇನು ಬೇಕು? "ಗಿಣ್ಣ ಕುಡಿಸ್ಯಾರ, ಭೇದಿ ಹತ್ತದ ಇರ್ತದೇನು!" ಎಂದು ಹದಿಮೂರು ಮನೆಗಳು ಒಟ್ಟಿಗೆ ಹೇಳಿದವು. ಹದಿನಾಲ್ಕನೆಯದು ನಮ್ಮದು, ಅಲ್ಲಿ ಕಾಕು ಮನಸ್ಸಿನಲ್ಲೇ ಹೇಳಿಕೊಂಡರು.

ಕರು ಮೂಲೆಯಲ್ಲಿ ಬಿದ್ದಿತ್ತು. ಕಣ್ಣು ಒಳಗೆ ಹೋಗಿದ್ದವು, ಕಿವಿ ತಣ್ಣಗಿದ್ದವು. ಕಾಕಾ ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟರು. ಚಿವುಟಿದ್ದು ಹಾಗೆಯೇ ನಿಂತಿತು. ಆಮೇಲೆ ಆ ಮೂಲೆಯ ನೆಲ ನೋಡಿದರು.

"ಹಿಂದಿನ ಕರಗಳನ್ನೂ ಇಲ್ಲೇ ಕಟ್ಟಿದ್ದೇನು?"

"ಹೌದ್ರಿ."

ಕಾಕಾ ಹಣೆ ಬಡಿದುಕೊಂಡರು. "ಜಡ್ಡು ಈ ನೆಲದಾಗನ ಕುಂತದ. ದಿನಾ ಶೀಶೆ ತೊಳೀತೀನಿ, ಈ ಕೊಟ್ಟಿಗಿ ತೊಳಿ ಅಂತ ಹೇಳೂದು ಹೊಳೀಲಿಲ್ಲ ನನಗ! ತಪ್ಪು ನಂದು."

ಕಾಕಾ ತಪ್ಪು ಒಪ್ಪಿಕೊಂಡದ್ದನ್ನು ಕಾಕು ತಮ್ಮ ಸಂಸಾರದಲ್ಲಿ ಮೊದಲ ಸಲ ಕೇಳಿದರು. ಅವರು ಸೆರಗು ಸಿಕ್ಕಿಸಿ ಒಲೆ ಹೊತ್ತಿಸಿದರು. ಕಾಯಿಸಿ ಆರಿಸಿದ ನೀರಿಗೆ ಸಕ್ಕರೆ, ಉಪ್ಪು, ಚೂರು ಅಡುಗೆ ಸೋಡಾ ಹಾಕಿ, ಶೀಶೆಯಿಂದ ಕರುವಿನ ಬಾಯಿಗೆ ಸ್ವಲ್ಪ ಸ್ವಲ್ಪವೇ ಹನಿಸಲು ಕುಳಿತರು. ಕರುವನ್ನು ಬೇರೆ ಕಡೆಗೆ ಸಾಗಿಸಿ, ಭೀಮವ್ವನೂ ನಾನೂ ಕೊಟ್ಟಿಗೆ ತೊಳೆದು ಸುಣ್ಣ ಬಳಿದೆವು.

"ಬಾಗಲಾ ಬಂದ್ ಆಗ್ಯದ, ಖರೇ. ಆದ್ರೂ ಒಂದಿಷ್ಟು ಗಿಣ್ಣ ಇದ್ದಿದ್ರ ಕರುಳಾಗ ನಿಂತು ಕಾವಲಾದ್ರೂ ಕಾಯ್ತಿತ್ತು," ಎಂದು ಗೊಣಗಿದ ಕಾಕಾ ಥಟ್ಟನೆ ಎದ್ದರು. ನೇರ ಹೋಟೆಲಿಗೆ ಹೋದರು. ನಾನು ಹಿಂದೆಯೇ ಓಡಿದೆ.

"ಎಂಥದು ಮಾರಾಯ್ರೆ!" ರಾಯರು ಗಲ್ಲಾದಿಂದ ಎದ್ದೇ ಬಿಟ್ಟರು. "ಅವತ್ತು ಯಾರಿಗೂ ಕೊಡಲಿಕ್ಕೆ ಬಿಡಲಿಲ್ಲ. ಇವತ್ತು ಕೊಟ್ಟದ್ದನ್ನೇ ವಾಪಸು ಕೇಳುದಾ? ನಾಡಿದ್ದು ಸೀಮಂತ ಉಂಟು ಇವ್ರೆ!"

ಕಾಕಾ ವಾದಿಸಲಿಲ್ಲ. ಟವೆಲಿನ ಕಥೆಯನ್ನೂ ಹೇಳಲಿಲ್ಲ. "ಕರ ಮಲಗ್ಯದ್ರಿ," ಎಂದರು, ಅಷ್ಟೇ.

ಒಳಗಿನಿಂದ ಮಗಳು ಬಂದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಚರಿಗೆ. "ಬಯಕೆ ನಂದಲ್ವಾ ಅಪ್ಪ? ನಾನು ಬಿಟ್ಟೆ. ನಡೀರಿ ಮಾಮ, ನಾನೂ ಬರ್ತೇನೆ."

ರಾಯರು ಕುಳಿತುಬಿಟ್ಟರು. "ಹೋಗು ಮಾರಾಯ್ತಿ. ನಿಧಾನ ನಡಿ."

ಅಂದಿನಿಂದ ದಿನವೂ ಆಕೆ ಬಂದು ಕರುವಿನ ಪಕ್ಕದ ಮಣೆಯ ಮೇಲೆ ಕುಳಿತಳು. ಉಗುರುಬೆಚ್ಚಗೆ ಮಾಡಿದ ಗಿಣ್ಣಿನ ಹಾಲು ಒಂದು ಸಲ, ಸಕ್ಕರೆ ಉಪ್ಪಿನ ನೀರು ನಾಲ್ಕು ಸಲ. ಕುಡಿಸುತ್ತ ಕಾಕಾ ಹೇಳುತ್ತಿದ್ದರು, ಆಕೆ ಕೇಳುತ್ತಿದ್ದಳು: ಕರುಳಿನ ಎಳೆ, ಕಾವಲುಗಾರರು, ಮುಚ್ಚುವ ಬಾಗಿಲು. ಅವರ ಮಾತನ್ನು ಕೊನೆಯವರೆಗೆ ಕೇಳಿದ ಮೊದಲ ವ್ಯಕ್ತಿ ಆಕೆಯೇ ಇರಬೇಕು. ದಿನಚರಿಯಲ್ಲಿ ಬುಧವಾರಕ್ಕೆ ಹೀಗಿದೆ: "ಕರು ಎದ್ದಿತು. ಕಾಕಾ ಮಲಗಿದರು."

ಆ ಕರು ಉಳಿಯಿತು. ಆಕಳನ್ನು ಮಾರುವ ಮಾತನ್ನು ಭೀಮವ್ವ ಮತ್ತೆ ಎತ್ತಲಿಲ್ಲ.

ಮೂರು ತಿಂಗಳ ಮೇಲೆ ರಾಯರ ಮಗಳಿಗೆ ಹೆರಿಗೆಯಾಯಿತು ಎಂದು ಸುದ್ದಿ ಬಂತು. ಕಾಕಾ ಚಪ್ಪಲಿಯ ಪಟ್ಟಿಯನ್ನೂ ಸರಿಯಾಗಿ ಹಾಕಿಕೊಳ್ಳದೆ ಹೊರಟರು. ಕಾಕು, ನಾನು ಹಿಂದೆ. ಹೆರಿಗೆ ಆಸ್ಪತ್ರೆಯ ಕೋಣೆಗೆ ಪರದೆ ಎಳೆದಿತ್ತು. ಅಲ್ಲಿಗೆ ಬಂದದ್ದೇ ಕಾಕಾ ಒಂದು ಹೆಜ್ಜೆ ಹಿಂದೆ ಸರಿದರು.

"ನೀ ಹೇಳು," ಎಂದರು ಕಾಕುಗೆ.

"ನಾ ಏನು ಹೇಳ್ಲಿ? ನೀವ ಹೇಳ್ರಿ."

ಊರಿನವರ ಊಟದ ತಟ್ಟೆಯ ಮುಂದೆ ಭೇದಿಯ ಬಣ್ಣ ಕೇಳುತ್ತಿದ್ದ ಮನುಷ್ಯ ಪರದೆಗೆ ಬೆನ್ನು ಮಾಡಿ ನಿಂತು, ಕಿವಿಯವರೆಗೆ ಕೆಂಪಾಗಿ, ಪಿಸುದನಿಯಲ್ಲಿ ಹೇಳಿದರು:

"ತಂಗಿ... ಮೊದಲ ಹಾಲು ಕೆಟ್ಟದ್ದು ಅಂತ ದೊಡ್ಡವರು ಹಿಂಡಿ ಚೆಲ್ಲಂತಾರ. ಚೆಲ್ಲಬ್ಯಾಡವಾ. ಕೂಸಿಗೆ ಕೊಡು."

ಒಳಗಿನಿಂದ ದಣಿದ ದನಿ ಬಂತು.

"ಅಜ್ಜಿ ಚೆಲ್ಲು ಅಂದ್ರು ಮಾಮ. ನಾನು ಕೇಳಲಿಲ್ಲ. ಆಗಲೇ ಕುಡಿಸಿ ಆಯ್ತು."

ಎದುರು ಗೋಡೆಯ ಮೇಲೆ ಭೇಟಿಯ ಸಮಯದ ಮರಾಠಿ ಫಲಕವಿತ್ತು. ಕಾಕಾ ಅದನ್ನು ಓದತೊಡಗಿದರು. ಬಹಳ ಹೊತ್ತು ಓದಿದರು. ಓದುವ ಕನ್ನಡಕ ಅವರ ಜೇಬಿನಲ್ಲೇ ಇತ್ತು.