ದೇವದುರ್ಗದ ರೇಟು ಬಸ್ಸಿನಲ್ಲಿ ಬರುತ್ತಿತ್ತು

೧೯೭೪ನೇ ಇಸವಿ, ಡಿಸೆಂಬರ್ ಎರಡು, ಸೋಮವಾರ. ರಾಯಚೂರಿನಲ್ಲಿ ಬೆಳಿಗ್ಗೆ ಮಫ್ಲರ್ ಕಟ್ಟುವಷ್ಟು ಚಳಿ, ಮಧ್ಯಾಹ್ನ ಅದನ್ನೇ ಬಿಚ್ಚಿ ಬೆವರು ಒರೆಸಿಕೊಳ್ಳುವಷ್ಟು ಬಿಸಿಲು.

ಕಣ್ಣೆದುರಿಗೆ ಇಲ್ಲದವರಿಂದ ಕೆಲಸ ಮಾಡಿಸುವವನ ಬಾಳಿನಲ್ಲಿ ನಾನು ಈಗ ಹೇಳಹೊರಟಂಥ ಪಜೀತಿಗಳು ಆಗುತ್ತಲೇ ಇರುತ್ತವೆ. ಆದಾಗ ಸಿಟ್ಟು ಬರುತ್ತದೆ. ಹತ್ತು ವರ್ಷ ಕಳೆದ ಮೇಲೆ ನಗು ಬರುತ್ತದೆ. ನನಗೆ ಈಗ ನಗು ಬರುವ ಕಾಲ.

ಆಗ ನಾನು ರಾಯಚೂರಿನ ಒಂದು ಹತ್ತಿ ಗಿರಣಿಯಲ್ಲಿ ಮ್ಯಾನೇಜರ್. ಹತ್ತಿ ಬಿಡಿಸುವ ಕಾಲ ಬಂತೆಂದರೆ ಮಾನ್ವಿ, ಸಿರವಾರ, ದೇವದುರ್ಗಗಳಲ್ಲಿ ನಮ್ಮ ಒಬ್ಬೊಬ್ಬ ಖರೀದಿದಾರ ಕೂರುತ್ತಿದ್ದ. ಅವರು ಕೂರುವ ಜಾಗಕ್ಕೆ ಗಾದಿ ಎನ್ನುತ್ತಿದ್ದೆವು. ಗಾದಿಯೆಂದರೆ ಒಂದು ಕಟ್ಟೆ, ಅದರ ಮೇಲೊಂದು ಚಾಪೆ, ಒಂದು ತಕ್ಕಡಿ. ಅವರನ್ನೆಲ್ಲ ರಾಯಚೂರಿನಿಂದಲೇ ನೋಡಿಕೊಳ್ಳುವುದು ನನ್ನ ಕೆಲಸ.

ಆ ಸೋಮವಾರ ಮಾಲೀಕರು ನನ್ನನ್ನು ಕರೆದರು. ಗಿರಣಿಗೆ ಹೊಸದಾಗಿ ಫೋನು ಬಂದಿತ್ತು. ಅದಕ್ಕೆ ಹೊದಿಸಿದ್ದ ಕಸೂತಿ ಬಟ್ಟೆಯನ್ನು ಸರಿಪಡಿಸುತ್ತ ಹೇಳಿದರು:

"ಮ್ಯಾನೇಜರ್ರ, ಊರಾಗ ಕುಂತವರು ಖರೀದಿ ಮಾಡ್ತಾರೋ, ಚಾಪಿ ಮ್ಯಾಲ ಮಲಗ್ತಾರೋ ಯಾರಿಗೆ ಗೊತ್ತದ? ಇನ್ನ ಮ್ಯಾಲ ದಿನಾ ಸಂಜಿಗೆ ಎಲ್ಲಾ ಗಾದಿಯಿಂದ ಅವತ್ತಿನ ಖರೀದಿ ರೇಟು ಬರಬೇಕು. ಬರದಿದ್ದ ಗಾದಿ ಸಂಕ್ರಾಂತಿಗೆ ಬಂದ್."

"ಆಗ್ಲಿರಿ."

"ಅದರಾಗೂ ಆ ದೇವದುರ್ಗದ ಮುದುಕ. ಅವಗ ಮೊದಲ ಹೇಳ್ರಿ."

ದೇವದುರ್ಗದ ಮುದುಕರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಮಾಲೀಕರ ತಂದೆಯ ಕಾಲದಿಂದ ಅದೇ ಕಟ್ಟೆಯ ಮೇಲೆ ಕೂತವರು. ಹತ್ತಿಯನ್ನು ಎರಡು ಬೆರಳಿನಲ್ಲಿ ಎಳೆದು ನೋಡುವುದು ಬಿಟ್ಟರೆ ಬೇರೆ ಕಸುಬು ತಿಳಿಯದವರು. ಆ ಗಾದಿ ಮುಚ್ಚಿದರೆ ಅವರು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂಬುದು ನನಗೂ ಹೊಳೆಯಲಿಲ್ಲ. ಸಂಕ್ರಾಂತಿಗೆ ಇನ್ನೂ ಆರು ವಾರವಿತ್ತು.

ಮಾನ್ವಿಯ ಯೋಗಕ್ಷೇಮ

ಮಾನ್ವಿಯವನಿಗೆ ಫೋನೆಂದರೆ ಖುಷಿ. ಮೊದಲ ಸಂಜೆಯೇ ಟ್ರಂಕ್ ಕಾಲ್ ಬಂತು.

"ನಮಸ್ಕಾರ್ರಿ ಸಾಹೇಬ್ರ! ಆರಾಮ ಅದೀರಿ?"

"ಆರಾಮ. ರೇಟು ಎಷ್ಟು?"

"ಮನ್ಯಾಗ ಅಕ್ಕಾರು ಆರಾಮ ಅದಾರ್ರಿ? ಮಕ್ಕಳು? ನಿಮ್ಮ ಮಾವಾರಿಗೆ ಮೊಣಕಾಲು ನೋಯ್ತಿತ್ತಲ್ರಿ, ಈಗ ಹೆಂಗದ? ಹಿತ್ತಲದಾಗ ಎಮ್ಮಿ ಈದದೇನ್ರಿ?"

ಎಮ್ಮೆ ಈದಿತ್ತು. ಹೆಣ್ಣುಗರುವೋ ಗಂಡುಗರುವೋ ಎಂದು ಹೇಳುವಷ್ಟರಲ್ಲಿ ಮೂರು ನಿಮಿಷ ಮುಗಿದು ಆಪರೇಟರ್ ಲೈನು ಕತ್ತರಿಸಿದ. ರೇಟು ಮಾನ್ವಿಯಲ್ಲೇ ಉಳಿಯಿತು.

ಅವನ ತಪ್ಪೇನೂ ಇಲ್ಲ. ಎದುರಿಗೆ ಸಿಕ್ಕವರ ಮನೆಮಂದಿಯನ್ನು ವಿಚಾರಿಸದೆ ವ್ಯಾಪಾರದ ಮಾತೆತ್ತುವವನನ್ನು ನಮ್ಮ ಕಡೆ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೂ ಮರುದಿನ ಬೆಳಿಗ್ಗೆ ಬಸ್ಸಿನವನ ಕೈಲಿ ಹೇಳಿ ಕಳಿಸಿದೆ: ಫೋನಿನಲ್ಲಿ ನಮ್ಮ ಮನೆಯವರ ಯೋಗಕ್ಷೇಮ ಕೇಳಬಾರದು.

ಸಂಜೆ ಫೋನು ಬಂತು. "ನಮಸ್ಕಾರ್ರಿ" ಅಂದ, ಸುಮ್ಮನಾದ. ಉಸಿರಾಡುವುದು ಮಾತ್ರ ಕೇಳುತ್ತಿತ್ತು.

"ಯಾಕೋ, ಮಾತಾಡು. ದುಡ್ಡು ಓಡಾಕತ್ತದ."

"ನಿನ್ನಿ ನಾ ಎಲ್ಲಾ ಕೇಳೀನ್ರಿ. ಇವತ್ತು ನೀವು ಕೇಳಬೇಕಲ್ರಿ? ಅದಕ್ಕ ಕಾಯಾಕತ್ತೀನಿ."

ಸಿರವಾರದ ದಿಢೀರ್ ತಪಾಸಣೆ

ಸಿರವಾರದವನು ಮಾತು ಕಡಿಮೆ. ಫೋನಿನಲ್ಲಿ ರೇಟು ಹೇಳಿ ಇಟ್ಟುಬಿಡುತ್ತಿದ್ದ. ಮಾಲೀಕರಿಗೆ ಅದರ ಮೇಲೂ ಅನುಮಾನ. "ಇಷ್ಟು ಸರಳ ಅದಾನಂದ್ರ ಏನೋ ಅದ. ಹೇಳದ ಹೋಗಿ ಹಿಡೀರಿ" ಅಂದರು.

ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಬೆಳಕು ಹರಿಯುವ ಮುಂಚೆ ಮೊದಲ ಬಸ್ಸಿಗೆ ಹತ್ತಿ, ತಲೆಗೆ ಮಫ್ಲರ್ ಸುತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಸಿರವಾರದಲ್ಲಿ ಇಳಿದರೆ ಅವನು ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದಾನೆ. ಮೈ ತೊಳೆದುಕೊಂಡು, ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ನಿಂಬೆಹಣ್ಣು.

"ಬರ್ರಿ ಸಾಹೇಬ್ರ. ಚಾ ಕುಡದು ಹೋಗೋಣು."

"ನಾ ಬರೋದು ನಿನಗ ಯಾರು ಹೇಳಿದ್ರು?"

ಹಿಂದಿನ ಮಧ್ಯಾಹ್ನ ಗಿರಣಿಗೆ ಊಟದ ಡಬ್ಬಿ ತರುವ ಖಾನಾವಳಿಯ ಯವ್ವನಿಗೆ ನಾನು "ನಾಳಿ ಡಬ್ಬಿ ಬ್ಯಾಡ" ಎಂದಿದ್ದೆ. ಅವಳ ಅಕ್ಕನ ಮಗ ಸಿರವಾರದ ಬಸ್ಸಿನ ಡ್ರೈವರ್.

ಗಾದಿಗೆ ಹೋದೆ. ಹಾಸಿದ ಹತ್ತಿ ಚೆನ್ನಾಗಿ ಒಣಗಿತ್ತು, ತಕ್ಕಡಿ ಸರಿಯಾಗಿತ್ತು, ತಪ್ಪು ಹುಡುಕಿದರೂ ಸಿಗಲಿಲ್ಲ. ಮಧ್ಯಾಹ್ನ ಅವನ ಮನೆಯಲ್ಲಿ ಊಟ. ಬಡಿಸುತ್ತ ಅವನ ಹೆಂಡತಿ ಹೇಳಿದಳು:

"ಬದನಿಕಾಯಿ ಮಾಡಿಲ್ರಿ ಯಪ್ಪಾ. ನಿಮಗ ಆಗಂಗಿಲ್ಲಂತ ಖಾನಾವಳಿ ಯವ್ವ ಹೇಳಿ ಕಳಿಸ್ಯಾಳ."

ಹೊಗಳಿಕೆಯ ಫಲ

ನಾನು ಓದುವ ಚಟದವನು. ಆ ದಿನಗಳಲ್ಲಿ ಹಳೆಯ ಪುಸ್ತಕದಂಗಡಿಯಲ್ಲಿ ಕೆಲಸಗಾರರನ್ನು ಹುರಿದುಂಬಿಸುವ ಬಗೆ ಕುರಿತ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತ್ತು. ದೂರದಲ್ಲಿರುವ ಕೆಲಸಗಾರನಿಗೆ ಆಗಾಗ ಬರಹದಲ್ಲಿ ಮೆಚ್ಚುಗೆ ತಿಳಿಸಿದರೆ ಅವನ ಹುಮ್ಮಸ್ಸು ಇಮ್ಮಡಿಸುತ್ತದೆ ಎಂದು ಅದರಲ್ಲಿತ್ತು. ಸಿರವಾರದ ಊಟ ಇನ್ನೂ ನಾಲಿಗೆಯ ಮೇಲಿತ್ತು. ಅವನಿಗೇ ಒಂದು ಕಾಗದ ಬರೆದೆ. ನಿಮ್ಮ ನಿಷ್ಠೆ, ನಿಮ್ಮ ಪ್ರಾಮಾಣಿಕತೆ, ನಿಮ್ಮ ಸೇವೆಯನ್ನು ಗಿರಣಿ ಎಂದೂ ಮರೆಯದು, ಹೀಗೆ.

ಮೂರನೆಯ ದಿನ ಗಂಡ ಹೆಂಡತಿ ಇಬ್ಬರೂ ಗಿರಣಿಯ ಬಾಗಿಲಲ್ಲಿ ನಿಂತಿದ್ದರು. ಅವನ ಮುಖ ಇಳಿದಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ನಾ ಏನು ತಪ್ಪು ಮಾಡೀನ್ರಿ ಸಾಹೇಬ್ರ? ನೌಕರಿಯಿಂದ ಯಾಕ ತಗದ್ರಿ?"

"ತಗದಿಲ್ಲೋ ಮಾರಾಯಾ. ಹೊಗಳಿ ಬರದೀನಿ."

"ಅದ ಕೇಳಾಕತ್ತೀನ್ರಿ. ನಮ್ಮ ಮಾಸ್ತರ್ರು ಓದಿ ಹೇಳಿದ್ರು. ನಮ್ಮೂರಾಗ ಇಷ್ಟು ಛಲೋ ಮಾತು ಸತ್ತವರಿಗೆ ಬಿಟ್ಟು ಯಾರಿಗೂ ಹೇಳಂಗಿಲ್ಲ."

ಎಷ್ಟು ಸಮಾಧಾನ ಹೇಳಿದರೂ ಅವರು ನಂಬಲಿಲ್ಲ. ಕೊನೆಗೆ ಅವಳೇ ದಾರಿ ತೋರಿಸಿದಳು.

"ನಾಲ್ಕು ಮಾತು ಬೈದು ಕಳಿಸ್ರಿ ಯಪ್ಪಾ. ನಮಗೂ ಧೈರ್ಯ ಬರ್ತದ."

ಬೈದೆ. ಬೈಯಲು ಏನೂ ಇಲ್ಲದ್ದರಿಂದ ಅವನ ಮೀಸೆಯನ್ನು ಬೈದೆ. ಇಬ್ಬರೂ ನಗುತ್ತ ಬಸ್ಸು ಹತ್ತಿದರು. ಆ ವರ್ಷ ಸಿರವಾರದಲ್ಲಿ ಆದಷ್ಟು ಖರೀದಿ ಮತ್ತೆಂದೂ ಆಗಲಿಲ್ಲ.

ಕೈ ಕೊಡ್ರಿ ಸಾಬ್

ಉಳಿದದ್ದು ದೇವದುರ್ಗ.

ಚಾಚಾರ ಕಟ್ಟೆಯ ಪಕ್ಕದ ತಂಬಾಕಿನ ಅಂಗಡಿಯಲ್ಲಿ ಫೋನಿತ್ತು. ಆದರೂ ಮೊದಲ ವಾರವೆಲ್ಲ ಕರೆ ಬರಲಿಲ್ಲ. ನಾನೇ ಮಾಡಿದೆ.

"ಚಾಚಾ, ಇವತ್ತು ರೇಟು ಎಷ್ಟಾತು?"

"ಆತು ಸಾಬ್. ಛಲೋ ಆತು."

"ಎಷ್ಟು?"

ಚಾಚಾ ಎರಡು ಸಲ ಕೆಮ್ಮಿದರು. ಆಮೇಲೆ, "ಕೈಸಾ ಬೋಲ್ನಾ ಸಾಬ್? ಹೆಂಗ ಹೇಳಲಿ? ನೀವು ಕೈ ಕೊಡ್ರಿ, ಹೇಳ್ತೀನಿ."

ಆಗ ನನಗೆ ಅರ್ಥವಾಯಿತು. ಹಳೆಯ ಖರೀದಿದಾರರು ಬೆಲೆಯನ್ನು ಬಾಯಲ್ಲಿ ಹೇಳುವವರಲ್ಲ. ಕೈಯ ಮೇಲೆ ಟವೆಲ್ ಹಾಕಿ, ಅದರ ಕೆಳಗೆ ಎದುರಿಗಿನವನ ಬೆರಳು ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೋ ಅಷ್ಟು ನೂರು. ಬಿಟ್ಟು ಮತ್ತೆ ಹಿಡಿದರೆ ಅಷ್ಟು ಹತ್ತು. ಸುತ್ತ ಹತ್ತು ಜನ ನಿಂತಿದ್ದರೂ ಬೆಲೆ ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಚಾಚಾ ತಮ್ಮ ಆಯುಷ್ಯದಲ್ಲಿ ಒಂದು ಸಲವೂ ಬೆಲೆಯನ್ನು ನಾಲಿಗೆಯ ಮೇಲೆ ತಂದವರಲ್ಲ.

"ಇಲ್ಲಿ ಬಾಜೂಕ ಆ ಇನ್ನೊಂದು ಗಿರಣಿಯವ ಚಾ ಕುಡಿಯಾಕತ್ತಾನ ಸಾಬ್. ದಿನಾ ನಾ ಫೋನ್ ಹಿಡಿಯೋ ಹೊತ್ತಿಗೇ ಅವಗ ಚಾ ಬೇಕು" ಎಂದು ಪಿಸುಗುಟ್ಟಿದರು. ಅವರ ಪಿಸುಮಾತು ಅರ್ಧ ದೇವದುರ್ಗಕ್ಕೆ ಕೇಳುವಂಥದು.

"ಹಂಗಾದ್ರ ಚೀಟಿ ಬರಸ್ರಿ."

"ಚೀಟಿ? ಕಣ್ಣಿದ್ದವರೆಲ್ಲ ಅದಕ್ಕ ನೆಂಟರು ಸಾಬ್."

ಸಂಕ್ರಾಂತಿ ಹತ್ತಿರವಾಗುತ್ತಿತ್ತು. ಕೊನೆಗೆ ದಾರಿ ಕಂಡದ್ದು ಸಂಜೆ ಬಸ್ಸಿನ ಕಂಡಕ್ಟರನಲ್ಲಿ. ಅವನ ತಂದೆ ದನದ ಸಂತೆಯ ದಲ್ಲಾಳಿ; ಬೆರಳಿನ ಲೆಕ್ಕ ಅವನಿಗೆ ತಾಯಿಹಾಲು. ದೇವದುರ್ಗದಲ್ಲಿ ಬಸ್ಸು ಹೊರಡುವ ಮುಂಚೆ ಚಾಚಾ ಟವೆಲ್ ಹಾಕಿ ಅವನ ಕೈ ಹಿಡಿಯುವುದು. ಅವನು ರಾಯಚೂರಿಗೆ ಬಂದು, ಬಸ್ ಸ್ಟ್ಯಾಂಡಿನ ಹಿಂದೆಯೇ ಇದ್ದ ನಮ್ಮ ಗಿರಣಿಗೆ ನಡೆದು, ಟವೆಲ್ ಹಾಕಿ ನನ್ನ ಕೈ ಹಿಡಿಯುವುದು. ದೇವದುರ್ಗದ ರೇಟು ಟಿಕೇಟಿಲ್ಲದೆ ದಿನಾ ಸಂಜೆ ಬರತೊಡಗಿತು. ಒಂದು ದಿನವೂ ತಪ್ಪಲಿಲ್ಲ. ಹೇಗೆ ಬರುತ್ತದೆಂದು ಮಾಲೀಕರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಡೀ ಕೈ

ಸಂಕ್ರಾಂತಿಯ ಹಿಂದಿನ ದಿನ. ಯಾವ ಗಾದಿ ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಲು ಮಾಲೀಕರು ತಾವೇ ಸಂಜೆ ಬಂದು ಕೂತರು. ಮಾನ್ವಿಯ ಫೋನು ಬಂತು. ಸಿರವಾರದ್ದು ಬಂತು. ನಾನು ಬಾಗಿಲ ಕಡೆ ನೋಡುತ್ತಿದ್ದೆ.

ಬಂದವನು ಬೇರೆ ಕಂಡಕ್ಟರ್. ನಮ್ಮವನು ಹಬ್ಬಕ್ಕೆ ಊರಿಗೆ ಹೋಗಿದ್ದ. ಹೊಸಬ ಬಲಗೈಯನ್ನು ಟಿಕೇಟಿನ ಚೀಲದೊಳಗೆ ಇಟ್ಟುಕೊಂಡೇ ಒಳಗೆ ಬಂದ.

"ಇಲ್ಲಿ ಕೈ ಹಿಡಿಸಿಕೊಳ್ಳೋರು ಯಾರ್ರಿ?"

ಮಾಲೀಕರ ಕನ್ನಡಕ ಮೂಗಿನ ತುದಿಗೆ ಇಳಿಯಿತು. ನಾನು ಮಾತಾಡದೆ ಟವೆಲ್ ಹಾಕಿ ಕೈ ಚಾಚಿದೆ. ಅವನು ಎಡಗೈಯಿಂದಲೇ ನನ್ನ ಐದೂ ಬೆರಳನ್ನು ಒಟ್ಟಿಗೆ ಹಿಡಿದ. ಬಿಟ್ಟ. ಮತ್ತೆ ಮೂರು ಹಿಡಿದ.

"ಇದೇನು ನಡಸೀರಿ?" ಎಂದರು ಮಾಲೀಕರು.

"ದೇವದುರ್ಗದ ರೇಟ್ರಿ."

"ಎಷ್ಟು?"

ನಾನು ಟವೆಲನ್ನು ಹೆಗಲಿಗೆ ಹಾಕಿಕೊಂಡೆ. "ಐನೂರ ಮೂವತ್ತು."

ಮಾಲೀಕರು ಎದ್ದೇ ನಿಂತರು. "ರಾಯಚೂರಾಗ ನಾನೂರ ಅರವತ್ತಕ್ಕ ಬಾಗಿಲಿಗೆ ಬಂದು ಬೀಳ್ತದ! ಮುದುಕಗ ತಲಿ ಕೆಟ್ಟದ, ನಿಮಗೂ ಕೆಟ್ಟದ. ಹಚ್ರಿ ಫೋನ್. ದೇವದುರ್ಗ ಇವತ್ತಿಗೆ ಬಂದ್."

ಹಬ್ಬದ ಮುನ್ನಾದಿನವಾದರೂ ಲೈನು ಬೇಗ ಸಿಕ್ಕಿತು. ಬೇಡವಾದಾಗ ಅದು ಬೇಗ ಸಿಗುತ್ತದೆ. ಮಾಲೀಕರೇ ರಿಸೀವರ್ ಕಸಿದುಕೊಂಡರು.

"ಎಷ್ಟಕ್ಕ ಖರೀದಿ ಮಾಡೀರಿ? ಬಾಯಿ ಬಿಟ್ಟು ಹೇಳ್ರಿ!"

ಆ ಕಡೆ ಚಾಚಾ. ಒಂದು ಮಾತು ಹೇಳಿದರೆ ಗಾದಿ ಉಳಿಯುತ್ತದೆ, ಆ ಮಾತು ಅವರ ಬಾಯಿಗೆ ಬರುವುದಿಲ್ಲ. ನಾನು ಮನಸ್ಸಿನಲ್ಲೇ, ಹೇಳಿಬಿಡು ಚಾಚಾ, ಒಂದು ಸಲ ಹೇಳಿಬಿಡು ಎನ್ನುತ್ತಿದ್ದೆ.

"ಮಾಲಕರ," ಎಂದಿತು ಕೊನೆಗೆ ದನಿ. ರಿಸೀವರಿನಿಂದ ಹೊರಗೆ ಬಂದು ಕೋಣೆಯನ್ನೆಲ್ಲ ತುಂಬುವ ದನಿ. "ಆ ಕಂಡಕ್ಟರ್ ನಮ್ಮ ಮ್ಯಾನೇಜರ್ ಸಾಬರ ಕೈ ಹೆಂಗ ಹಿಡಿದ?"

"ಇಡೀ ಕೈ ಹಿಡಿದ!"

"ಇಡೀ ಕೈ ಖರೇ ಅದ. ನಾನೂ ಇಡೀ ಕೈನೇ ಹಿಡಿದಿದ್ದೆ. ಆದ್ರ ಅವನ ಕೈ ಚೀಲದಿಂದ ಒಂದು ಸಲ ಹೊರಗ ತಗಸ್ರಿ ಮಾಲಕರ" ಎಂದರು.

ಕಂಡಕ್ಟರ್ ನಾಚುತ್ತ ಬಲಗೈ ಹೊರಗೆ ತೆಗೆದ. ಯಾವ ಕಾಲದಲ್ಲೋ ಬಸ್ಸಿನ ಬಾಗಿಲಿಗೆ ಸಿಕ್ಕು ಕಿರುಬೆರಳು ಹೋಗಿತ್ತು. ಇದ್ದದ್ದು ನಾಲ್ಕು.

"ನನ್ನದೇನು ತಪ್ಪದ್ರಿ?" ಎಂದ ಅವನು. "ಚಾಚಾ ನನ್ನ ಕೈಯಾಗ ಇದ್ದಷ್ಟೂ ಹಿಡಿದ್ರು. ನಾ ಸಾಹೇಬ್ರ ಕೈಯಾಗ ಇದ್ದಷ್ಟೂ ಹಿಡಿದೆ. ನಿಮ್ಮ ಸಾಹೇಬ್ರಿಗೆ ಒಂದು ಬೆರಳು ಹೆಚ್ಚದ."

ಮಾಲೀಕರು ಆ ಕೈಯನ್ನು ನೋಡಿದರು, ನನ್ನ ಕೈಯನ್ನು ನೋಡಿದರು. ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, ನನ್ನ ಹೆಗಲ ಮೇಲಿನ ಟವೆಲ್ ತಾವೇ ಎಳೆದುಕೊಂಡು ತಮ್ಮ ಬಲಗೈಯ ಮೇಲೆ ಹಾಕಿಕೊಂಡರು.

"ಈಗ ಸರಿಯಾಗಿ ಹಿಡಿಯೋ ಮಗನ."

ಕಂಡಕ್ಟರ್ ಹಿಡಿದ. ಮಾಲೀಕರ ಮುಖ ನಿಧಾನವಾಗಿ ಅರಳಿತು. ಅಷ್ಟು ಒಳ್ಳೆಯ ಹತ್ತಿ, ಅಷ್ಟು ಕಡಿಮೆ ಬೆಲೆಗೆ, ಆ ವರ್ಷ ಯಾವ ಗಾದಿಯಿಂದಲೂ ಬಂದಿರಲಿಲ್ಲ. ನನಗೂ ಸಂತೋಷ ತಡೆಯಲಿಲ್ಲ.

"ಹಂಗಾದ್ರ ಚಾಚಾ ಕೊಟ್ಟದ್ದು ನಾನೂರ ಮೂವ..."

ಮಾಲೀಕರು ಟವೆಲ್ ಸಮೇತ ನನ್ನ ಬಾಯಿ ಮುಚ್ಚಿದರು.

"ಮೆಲ್ಲಕ ರೀ! ಫೋನ್ ಇನ್ನೂ ಇಟ್ಟಿಲ್ಲ. ರೇಟು ಯಾರರ ಬಾಯಿಲೆ ಹೇಳ್ತಾರ?"